ಮುಟ್ಲಾಕ ಬಿಡೋ ಹುಲಿ

ಚಿಂಚೋಳಿಯಿಂದ ಓದುಗರೊಬ್ರು ಪತ್ರ ಬರ್ದಾರ. ಮನೀಮಂದಿ ಎಲ್ಲಾ ಥಾಯ್ಲೆಂಡ್ ಟೂರ್ ಹೋಗಿದ್ರಂತ, ಹುಲಿ ಬೆನ್ನ ಮ್ಯಾಲ ಕೈಯಿಟ್ಟು ಫೋಟೋ ತಗಸ್ಕೊಂಡ್ರಂತ, ಇಂಥಾ ಟೂರಿಸಂ ಬ್ಯಾಡ ಅಂತ ಹೋದ ಸಂಚಿಕೆದಾಗ ನಾವು ಬರ್ದಿದ್ದು ಅವರಿಗೆ ಬ್ಯಾಸರ ಆಗ್ಯಾದ. "ಹುಲಿ ಆರಾಮ ಇತ್ತು, ಹೊಟ್ಟಿತುಂಬ ಊಟ ಹಾಕ್ತಾರ, ತಪ್ಪೇನ್ರಿ? ನಮ್ಮ ಕಾಡಿನಾಗೂ ಪ್ರಾಣಿ ಮುಟ್ಲಾಕ ಬಿಟ್ರ ಹುಡುಗ್ರಿಗಿ ಕೆಲಸ ಸಿಗ್ತದ" ಅಂತಾರ.

ಆರಾಮ ಇತ್ತು ಅಂತೀರಲ್ಲ ಸರ್, ಆ ಆರಾಮ ಹ್ಯಾಂಗ ಬಂತು ನೋಡ್ರಿ. ಹುಟ್ಟಿದ ಕೆಲವೇ ವಾರಕ್ಕ ಮರೀನ ತಾಯಿ ಕಡಿಂದ ಕಸ್ಕೋತಾರ, ಬಾಟ್ಲಿ ಹಾಲು ಕುಡಿಸಿ ಮಂದಿ ತೊಡಿ ಮ್ಯಾಲ ಬೆಳಸ್ತಾರ, ಮರಿ ಹೋದ ತಾಯಿ ಲಗೂನ ಮತ್ತ ಬೆದಿಗಿ ಬರ್ತದ, ಮತ್ತ ಮರಿ, ಮತ್ತ ಫೋಟೋ. ಬೆಳದ ಹುಲಿ ತೊಡಿ ಮ್ಯಾಲ ಕೂಡಂಗಿಲ್ಲ, ಅದಕ್ಕ ಹೊಸಾ ಮರಿ ಬೇಕೇ ಬೇಕು. ಅದೇ ದೇಶದ ಕಾಂಚನಬುರಿಯೊಳಗ ಹುಲಿ ಸಾಕಿ ಟೂರಿಸ್ಟರಿಗಿ ತೋರ್ಸೋ ಬೌದ್ಧ ಮಠ ಒಂದಿತ್ತು, ಹುಲಿ ದೇವಸ್ಥಾನ ಅಂತ ಅದರ ಹೆಸರು, 2016ರಾಗ ಸರ್ಕಾರದವ್ರು ಒಳಗ ಹೋದಾಗ ಫ್ರೀಜರಿನಾಗ 40 ಸತ್ತ ಮರಿ ಸಿಕ್ವು. ಅಲ್ಲಿಂದ ಬಿಡಿಸ್ಕೊಂಡು ಬಂದ 147 ಹುಲಿಯೊಳಗ 86 ಹುಲಿ 2019ರ ಹೊತ್ತಿಗಿ ಸತ್ತೇ ಹೋದ್ವು, ಒಂದೇ ರಕ್ತದಾಗ ಬೆಳಸಿ ಬೆಳಸಿ ರೋಗ ತಡಿಯೋ ಶಕ್ತಿನೇ ಉಳಿದಿರ್ಲಿಲ್ಲ ಅಂತ ಅಲ್ಲಿನ ಅಧಿಕಾರಿಗಳೇ ಹೇಳಿದ್ರು. ನನಗ ಆ ಫ್ರೀಜರ್ ಮರೀಲಾಕ ಆಗಿಲ್ಲ.

ಇನ್ನ ಅಪಾಯದ ಮಾತು. ಸಾವಿರಾರು ವರ್ಷದಿಂದ ನಮ್ಮ ಕೊಟ್ಟಿಗ್ಯಾಗ ಇರೋ ಎಮ್ಮಿನೇ ಒಮ್ಮೊಮ್ಮೆ ಹಾಯ್ತದ, ಹುಲಿ ಮರಿ ಇದ್ದಾಗ ಬಾಟ್ಲಿ ಹಾಲು ಕುಡಿದ್ರ ಬದಲಾಗ್ತದೇನು? ನಿಮ್ಮ ಮಗಳು ಅದರ ಬಾಲದ ಹತ್ರ ಕೂತಾಳ, ಫೋಟೋ ನೋಡಿ ಖರೇನ ಎದಿ ಝಲ್ ಅಂತು.

ಇಲ್ಲೇನ್ ಕಮ್ಮಿ ಇಲ್ರಿ. ಬೀದರ್ ಕಡಿ ಹೊಲದಾಗ ಕೃಷ್ಣಮೃಗ ಕಂಡ್ರ ರೀಲ್ಸ್ ಸಲುವಾಗಿ ಬೈಕ್ ಬೆನ್ನ ಹತ್ತಸ್ತಾರ. ಹಂಗ ಓಡಿಸಿದ ಜಿಂಕಿ ತಪ್ಪಿಸ್ಕೊಂಡ್ರೂ ಉಳೀತದಂತ ಹೇಳ್ಲಾಕ ಬರಂಗಿಲ್ಲ, ಅಂಜಿಕಿ ಮತ್ತ ದಣಿವಿನಾಗ ಮೈಮಾಂಸನೇ ಕರಗಿ, ಆ ವಿಷ ರಕ್ತಕ್ಕ ಸೇರಿ, ಎರಡು ದಿನದ ಮ್ಯಾಲೂ ಸಾಯ್ತದ. 1972ರ ವನ್ಯಜೀವಿ ಕಾಯ್ದೆದಾಗ ಕೃಷ್ಣಮೃಗ ಮೊದಲನೇ ಪಟ್ಟಿದಾಗಿನ ಪ್ರಾಣಿ, ಹುಲಿ ಇರೋ ಪಟ್ಟಿನೇ ಅದು.

ಕೆಲಸದ ಮಾತು ಮಾತ್ರ ನೀವು ಹೇಳಿದ್ದು ಖರೇ, ಅದನ್ನ ನಾ ತಳ್ಳಿಹಾಕಂಗಿಲ್ಲ. ಚಿಂಚೋಳಿ ವನ್ಯಧಾಮ ಆಗಿದ್ದು 2011ರಾಗ, ನಮ್ಮ ಕಲಬುರಗಿ ಮಂದಿಗೇ ಎಷ್ಟೋ ಜನಕ್ಕ ಗೊತ್ತಿಲ್ಲ. ಚಂದ್ರಂಪಳ್ಳಿ ಡ್ಯಾಂ ದಂಡಿಗಿ ನಸುಕಿನಾಗ ದುರ್ಬೀನು ಹಿಡ್ಕೊಂಡು ನಿಂದ್ರಸಿ ಹಕ್ಕಿ ತೋರ್ಸೋ ಗೈಡ್ ಕೆಲಸ ನಿಮ್ಮೂರ ಹುಡುಗ್ರಿಗೇ ಸಿಗಬೇಕು. ಅಲ್ಲಿ ಏನೇನ್ ಕಾಣ್ತದ, ಯಾರ್ ದಾರಿ ತೋರಿಸ್ಬಲ್ಲರು ಅಂತ ನೀವೇ ಬರ್ದು ಕಳಸ್ರಿ, ಮುಂದಿನ ಸಂಚಿಕೆದಾಗ ಎರಡು ಪುಟ ಇಟ್ಟಿರ್ತೀನಿ.