ಪ್ರಾರ್ಥನೆಗೆ ಕೂತರೆ ತೂಕಡಿಕೆ, ಮಲಗಿದರೆ ಎಚ್ಚರ: ಒಂದು ಆಪ್ತಸಲಹೆ ಪ್ರಕರಣ

“ಪ್ರಾರ್ಥನೆಗೆ ಕೂತರೆ ತೂಕಡಿಕೆ, ಮಲಗಿದರೆ ಎಚ್ಚರ. ನನ್ನ ವಿಶ್ವಾಸವೇ ತಣ್ಣಗಾಗಿದೆ ಅನಿಸ್ತಿದೆ, ಅಕ್ಕ.” ನನ್ನ ಬಳಿ ಬಂದ ಸಹೋದರಿಯೊಬ್ಬರು ತಮ್ಮ ತೊಂದರೆಯನ್ನು ಹೇಳಿಕೊಂಡದ್ದು ಇಷ್ಟೇ ಮಾತಿನಲ್ಲಿ. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ವಯಸ್ಸು ನಲವತ್ತರ ಆಸುಪಾಸು. ಹೊರಗೆ ಕೆಲಸ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ತಡವಾಗಿ ಮನೆಗೆ ಬರುವ ಗಂಡ. ಇದರ ಜೊತೆಗೆ ಕ್ರೈಸ್ತ ಸಭೆಯಲ್ಲಿ ಮಕ್ಕಳ ಭಾನುವಾರ ಶಾಲೆಯ ಹೊಣೆ. ಅವರು ಕೇಳಿಕೊಂಡು ಬಂದದ್ದು ಒಂದು ವೇಳಾಪಟ್ಟಿಯನ್ನು. ರಾತ್ರಿ ಎಷ್ಟು ಹೊತ್ತಿಗೆ ಸತ್ಯವೇದ (ಬೈಬಲ್) ಓದಬೇಕು, ಎಷ್ಟು ಹೊತ್ತು ಪ್ರಾರ್ಥಿಸಬೇಕು, ನಿದ್ದೆಯನ್ನು ಹೇಗೆ ತಡೆಯಬೇಕು ಎಂದು.

ವೇಳಾಪಟ್ಟಿ ಕೊಡಲಿಲ್ಲ. ಮೊದಲು ಅವರ ಒಂದು ಸಂಜೆ ಹೇಗೆ ಕಳೆಯುತ್ತದೆ ಎಂದು ಬಿಡಿಸಿ ಹೇಳಲು ಕೇಳಿದೆ. ಚೀಲ ಕೆಳಗಿಡುವ ಮೊದಲೇ ಅತ್ತೆಯ ಕೋಣೆಗೆ ಹೋಗುತ್ತಾರೆ. ಅಲ್ಲಿಂದ ಒಲೆಯ ಮುಂದೆ. ಅಡುಗೆ ಮಾಡುತ್ತಲೇ ಮಕ್ಕಳ ಪಾಠ ನೋಡುತ್ತಾರೆ. ಊಟ, ಪಾತ್ರೆ, ನಾಳೆಯ ಬಟ್ಟೆ, ಮಾತ್ರೆ. ಗಂಡ ಬಂದ ಮೇಲೆ ಕುಟುಂಬ ಪ್ರಾರ್ಥನೆ, ಅದರಲ್ಲಿ ಮಕ್ಕಳ ಕಣ್ಣೂ ಮುಚ್ಚಿಕೊಳ್ಳುತ್ತಿರುತ್ತದೆ. ಎಲ್ಲರೂ ಮಲಗಿದ ಮೇಲೆ ಇವರ ಸ್ವಂತ ಪ್ರಾರ್ಥನೆ. ಮಂಡಿಯೂರಿದ ಸ್ವಲ್ಪ ಹೊತ್ತಿಗೆ ತಲೆ ಹಾಸಿಗೆಗೆ ತಾಗುತ್ತದೆ. ಬೆಚ್ಚಿ ಎದ್ದು, ದೇವರ ಮುಂದೆ ನಿದ್ದೆ ಮಾಡಿದೆನಲ್ಲಾ ಎಂದು ನೊಂದುಕೊಳ್ಳುತ್ತಾರೆ. ಆಮೇಲೆ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಕೈಗೆ ಫೋನ್ ಬರುತ್ತದೆ, ಒಂದು ಗಂಟೆ ದಾಟುತ್ತದೆ.

ಇಷ್ಟು ಕೇಳಿದ ಮೇಲೆ ನಾನು ಮೊದಲು ಮಾತಾಡಿದ್ದು ದೇಹದ ಬಗ್ಗೆ. ಆಯಾಸವೆಲ್ಲ ಆತ್ಮಿಕ ಕಾಯಿಲೆಯಲ್ಲ. ಊಟ ಸೇರುತ್ತದೆಯೇ, ಮೊದಲು ಖುಷಿ ಕೊಡುತ್ತಿದ್ದ ಸಂಗತಿಗಳು ಈಗಲೂ ಖುಷಿ ಕೊಡುತ್ತವೆಯೇ, ಬದುಕೇ ಸಾಕು ಎನಿಸುತ್ತದೆಯೇ, ಮನೆಯಲ್ಲಿ ಯಾರಾದರೂ ಕೈ ಮಾಡುತ್ತಾರೆಯೇ ಎಂದು ನೇರವಾಗಿ ಕೇಳಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ, ಭಯದ ವಾತಾವರಣವೂ ಇರಲಿಲ್ಲ. ಆದರೂ ವೈದ್ಯರ ಬಳಿ ಕಳಿಸಿದೆ. ರಕ್ತಪರೀಕ್ಷೆಯಲ್ಲಿ ರಕ್ತಹೀನತೆ ಗೊತ್ತಾಯಿತು, ಕಬ್ಬಿಣಾಂಶದ ಔಷಧ ಶುರುವಾಯಿತು. ಪ್ರಾರ್ಥನೆಯಲ್ಲಿ ತೂಕಡಿಸುವುದನ್ನು ಪಾಪವೆಂದು ಎಣಿಸುತ್ತಾ ಬಂದ ಸಹೋದರಿಗೆ, ತನ್ನ ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ ಇದೆ ಎಂಬ ವರದಿಯೇ ಒಂದು ಸಮಾಧಾನ ತಂದಿತು. ಇಂಥ ದೂರು ಹೊತ್ತು ಬರುವವರನ್ನು ವೈದ್ಯರಿಗೆ ತೋರಿಸದೆ ಬರೀ ವಚನ ಹೇಳಿ ಕಳಿಸಬಾರದು. ಇದನ್ನು ನಾನು ಬಲವಾಗಿ ನಂಬುತ್ತೇನೆ.

ಮುಂದಿನ ಭೇಟಿಯಲ್ಲಿ ಆ ರಾತ್ರಿಯ ಪ್ರಾರ್ಥನೆಯಲ್ಲಿ ಏನಿರುತ್ತದೆ ಎಂದು ಕೇಳಿದೆ. ಸ್ವಲ್ಪ ಸಂಕೋಚಪಟ್ಟು ಹೇಳಿದರು. ದಿನದ ತಪ್ಪುಗಳ ಪಟ್ಟಿ. ಮಗನ ಮೇಲೆ ರೇಗಿದೆ. ಅತ್ತೆಯ ಬಟ್ಟೆ ಬದಲಿಸುವಾಗ ಮನಸ್ಸಿನಲ್ಲೇ ಗೊಣಗಿದೆ. ಮಗಳ ಪಾಠ ನೋಡಲಾಗಲಿಲ್ಲ. ಮನೆ ಗುಡಿಸಲಿಲ್ಲ. ನಿನ್ನೆ ಓದಬೇಕಿದ್ದ ಅಧ್ಯಾಯ ಓದಲಿಲ್ಲ.

“ಎಲ್ಲ ಹೇಳಿ ಮುಗಿಸಿದ ಮೇಲೆ?” ಎಂದೆ.

“ನಾಳೆಯಿಂದ ಸರಿಯಾಗಿರ್ತೀನಿ ಅಂತ ಮಾತು ಕೊಡ್ತೀನಿ.”

“ಅದಾದ ಮೇಲೆ?”

“ಅಷ್ಟೇ ಅಕ್ಕ. ಆಮೆನ್.”

ಈ ಪ್ರಕರಣದ ಗಂಟು ಇದ್ದದ್ದು ಇಲ್ಲಿ. ಅರಿಕೆ ಇತ್ತು, ಪ್ರತಿಜ್ಞೆ ಇತ್ತು. ನಡುವೆ ಇರಬೇಕಾದದ್ದು ಇರಲಿಲ್ಲ. ಯೋಹಾನನ ಮೊದಲನೆಯ ಪತ್ರಿಕೆ 1:9 ಅವರಿಗೆ ಬಾಯಿಪಾಠವಿತ್ತು. ಪಾಪಗಳನ್ನು ಒಪ್ಪಿಕೊಂಡರೆ ದೇವರು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸಿ ಶುದ್ಧಿಮಾಡುತ್ತಾನೆ ಎಂದು ಮಕ್ಕಳಿಗೆ ಕಲಿಸುವವರೂ ಅವರೇ. ಆದರೆ ತಮ್ಮ ಪ್ರಾರ್ಥನೆಯಲ್ಲಿ ಆ ವಚನದ ಮೊದಲರ್ಧಕ್ಕೇ ನಿಂತುಬಿಡುತ್ತಿದ್ದರು. ಕ್ಷಮೆ ಸಿಕ್ಕಿತು ಎಂದು ಕೈಚಾಚಿ ತೆಗೆದುಕೊಳ್ಳುವ ಹೊತ್ತಿಗೆ ನಾಳೆಯ ಮಾತು ಕೊಡಲು ಹೊರಡುತ್ತಿದ್ದರು, ಅಸಲು ಮನ್ನಾ ಆಗಿದೆ ಎಂದು ಗೊತ್ತಿಲ್ಲದೆ ಬಡ್ಡಿ ಕಟ್ಟುತ್ತಲೇ ಇರುವ ಸಾಲಗಾರರ ಹಾಗೆ. ಕೊಟ್ಟ ಮಾತು ಮರುದಿನ ಸಂಜೆಗೆ ಮುರಿದಿರುತ್ತಿತ್ತು, ಪಟ್ಟಿಗೆ ಅದೂ ಸೇರುತ್ತಿತ್ತು. ಜೊತೆಗೆ, ಮನೆ ಗುಡಿಸದೆ ಉಳಿದದ್ದೂ ಮಗನ ಮೇಲೆ ರೇಗಿದ್ದೂ ಆ ಪಟ್ಟಿಯಲ್ಲಿ ಒಂದೇ ತೂಕದವಾಗಿದ್ದವು. ಒಂದು ಪಾಪ, ಇನ್ನೊಂದು ಬರೀ ಉಳಿದ ಕೆಲಸ. ಎರಡನ್ನೂ ದೇವರ ಮುಂದೆ ಅಪರಾಧವೆಂದು ಒಪ್ಪಿಸುವ ಮನಸ್ಸು ಯಾವ ಹಾಸಿಗೆಯ ಮೇಲೂ ನೆಮ್ಮದಿಯಿಂದ ಮಲಗಲಾರದು.

ಅವರೊಂದಿಗೆ ಆದಿಕಾಂಡದ ಮೊದಲ ಅಧ್ಯಾಯವನ್ನು ಓದಿದೆ. ಅಲ್ಲಿ ಪ್ರತಿ ದಿನದ ಕೊನೆಯಲ್ಲೂ ಮೊದಲು ಸಾಯಂಕಾಲದ ಮಾತು ಬರುತ್ತದೆ, ಪ್ರಾತಃಕಾಲ ಅದರ ನಂತರ. ಯೆಹೂದ್ಯರು ಇಂದಿಗೂ ದಿನವನ್ನು ಸೂರ್ಯಾಸ್ತದಿಂದ ಎಣಿಸುತ್ತಾರೆ, ಅವರ ವಿಶ್ರಾಂತಿಯ ದಿನವಾದ ಸಬ್ಬತ್ ಶುಕ್ರವಾರ ಸಂಜೆಯೇ ಆರಂಭ. ಮನುಷ್ಯನ ಸೃಷ್ಟಿಯಾದದ್ದು ಆರನೆಯ ದಿನ, ಅವನು ಕಂಡ ಮೊದಲ ಪೂರ್ತಿ ದಿನ ದೇವರು ವಿಶ್ರಮಿಸಿದ ಏಳನೆಯ ದಿನ. ದುಡಿದು ಗಳಿಸಿದ್ದಕ್ಕೆ ಕೂಲಿಯಾಗಿ ವಿಶ್ರಾಂತಿ ಬಂದದ್ದಲ್ಲ, ಕೆಲಸ ಶುರುವಾಗುವ ಮೊದಲೇ ಅದು ಅವನ ಮುಂದಿತ್ತು. “ನಿಮ್ಮ ಸಂಜೆಯನ್ನು ಮುಗಿದ ದಿನದ ಕೊನೆ ಅಂತ ನೋಡಬೇಡಿ, ಬರುವ ದಿನದ ಮೊದಲ ಭಾಗ ಅಂತ ನೋಡಿ. ಆ ಭಾಗದಲ್ಲಿ ನೀವು ಮಾಡೋದು ನಿದ್ದೆ. ಅಷ್ಟು ಹೊತ್ತು ಕೆಲಸ ಮಾಡೋದು ದೇವರು” ಎಂದೆ. ಮಾರ್ಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯದಲ್ಲಿ ಬೀಜ ಬಿತ್ತಿದವನು ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಹೇಗೆ ಮೊಳೆಯುತ್ತದೆಂದು ಅವನಿಗೇ ತಿಳಿಯದು. ಭಾನುವಾರ ಶಾಲೆಯ ಶಿಕ್ಷಕಿಯಾದ ಅವರಿಗೆ ಆ ಸಾಮ್ಯ ಚೆನ್ನಾಗಿ ಗೊತ್ತಿತ್ತು. ಬಿತ್ತಿದವನು ಮಲಗಿದ ಎಂಬ ಮಾತಿನ ಮೇಲೆ ಮಾತ್ರ ಅವರ ಕಣ್ಣು ಎಂದೂ ನಿಂತಿರಲಿಲ್ಲ.

ಎಲೀಯನ ಕಥೆಯನ್ನೂ ಓದಿದೆವು. ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯ. ಗಿಡದ ಕೆಳಗೆ ಕೂತು ಸಾವು ಬೇಡಿ ಮಲಗಿದ ಪ್ರವಾದಿಯನ್ನು ದೇವದೂತನು ತಟ್ಟಿ ಎಬ್ಬಿಸುತ್ತಾನೆ. ಗದರಿಸಲು ಅಲ್ಲ, ರೊಟ್ಟಿ ನೀರು ಕೊಡಲು. ತಿಂದು ಮತ್ತೆ ಮಲಗಿದರೂ ಬೈಗುಳವಿಲ್ಲ. ಎರಡನೆಯ ಸಲವೂ ಎಬ್ಬಿಸಿ ಉಣಿಸುತ್ತಾನೆ. “ಎಲೀಯನೇ, ಇಲ್ಲಿ ನಿನಗೇನು ಕೆಲಸ” ಎಂಬ ಪ್ರಶ್ನೆ ಬರುವುದು ಬಹಳ ಮುಂದೆ, ಹೋರೇಬ್ ಬೆಟ್ಟದ ಗವಿಯಲ್ಲಿ. ಇದನ್ನು ಓದುವಾಗ ಅವರು ಅತ್ತರು. ನಾನು ಮಾತಾಡದೆ ಕಾದೆ.

ಸಲಹೆಯ ವಿಷಯಕ್ಕೆ ಬಂದಾಗ ಒಂದು ನಿಯಮ ಮಾಡಿಕೊಂಡೆವು. ಅವರ ಸಂಜೆಗೆ ಹೊಸದೇನನ್ನೂ ಸೇರಿಸುವುದಿಲ್ಲ. ಇರುವ ಕೆಲಸಗಳಲ್ಲೇ ಪ್ರಾರ್ಥನೆಗೆ ಜಾಗ ಹುಡುಕುತ್ತೇವೆ. ಮನೆಯ ದೀಪ ಹಾಕುವಾಗ ಒಂದೇ ಸಾಲಿನ ಸ್ತೋತ್ರ. ಇದು ನನ್ನ ಕಲ್ಪನೆಯಲ್ಲ, ಸಭೆಯ ಬಹಳ ಹಳೆಯ ರೂಢಿ. ದೀಪ ಹಚ್ಚುವ ಹೊತ್ತಿನಲ್ಲಿ ಕ್ರಿಸ್ತನನ್ನು ಬೆಳಕೆಂದು ಹಾಡುವ ಗ್ರೀಕ್ ಸ್ತೋತ್ರವೊಂದಿದೆ, ನಾಲ್ಕನೆಯ ಶತಮಾನದಲ್ಲಿ ಕೈಸರೈಯದ ಬಿಷಪ್ ಬಸಿಲಿಯನೇ ಅದರ ವಂದನೆಯ ಮಾತುಗಳನ್ನು ಪುರಾತನವೆಂದು ಕರೆದಿದ್ದಾನೆ. ಪಾತ್ರೆ ತೊಳೆಯುವ ಹೊತ್ತು ಮನೆಯವರ ಹೆಸರು ಒಂದೊಂದಾಗಿ ಹೇಳಿಕೊಳ್ಳಲು, ಬೇಡಿಕೆಗಳಿಲ್ಲದೆ ಹೆಸರು ಮಾತ್ರ. ಅತ್ತೆಯ ಕಾಲು ಒರೆಸುವಾಗ ಏನೂ ಪ್ರಾರ್ಥಿಸಬೇಡಿ ಎಂದೆ. ಆ ಕೆಲಸವೇ ಸಾಕು. ಅಲ್ಲಿ ಗೊಣಗುವ ಮನಸ್ಸು ಬಂದರೆ “ಕರ್ತನೇ, ಸುಸ್ತಾಗಿದೆ” ಎಂದು ಹೇಳಿ ಮುಂದುವರಿಯಿರಿ. ಕೀರ್ತನೆಗಳಲ್ಲಿ ಇದಕ್ಕಿಂತ ಖಾರವಾದ ದೂರುಗಳಿವೆ, ದೇವರು ಅವನ್ನು ತನ್ನ ಗ್ರಂಥದಲ್ಲೇ ಇಟ್ಟುಕೊಂಡಿದ್ದಾನೆ.

ಚಿಂತೆಗೆ ಬೇರೆ ವ್ಯವಸ್ಥೆ ಬೇಕಿತ್ತು. ಊಟಕ್ಕೆ ಮೊದಲು, ಮಲಗುವ ಹೊತ್ತಿಗೆ ಸಾಕಷ್ಟು ಮುಂಚೆ, ಒಂದು ಹಾಳೆಯಲ್ಲಿ ನಾಳೆಯ ಕೆಲಸಗಳನ್ನೂ ಉಳಿದ ಕೆಲಸಗಳನ್ನೂ ಬರೆದಿಟ್ಟುಬಿಡುವುದು. ಗುಡಿಸದ ಮನೆ ಆ ಹಾಳೆಗೆ ಹೋಗಬೇಕು, ಪ್ರಾರ್ಥನೆಗೆ ಅಲ್ಲ. ನಿದ್ರಾಹೀನತೆಯ ಚಿಕಿತ್ಸೆಯಲ್ಲಿ ಈ ಕ್ರಮವನ್ನು ಬಳಸುತ್ತಾರೆ. ಫೋನ್ ಮಲಗುವ ಕೋಣೆಯ ಹೊರಗೆ ಇರಬೇಕು. ಮಲಗಿ ಸುಮಾರು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಹೊರಳಾಡದೆ ಎದ್ದು ಮಂದ ಬೆಳಕಿನಲ್ಲಿ ಸುಮ್ಮನೆ ಕೂತು, ಕಣ್ಣು ಭಾರವಾದಾಗ ಮರಳಬೇಕು. ಗಡಿಯಾರ ನೋಡುವಂತಿಲ್ಲ.

ರಾತ್ರಿಯ ಪ್ರಾರ್ಥನೆಯ ಕ್ರಮವನ್ನೂ ತಿರುಗಿಸಿದೆವು. 16ನೆಯ ಶತಮಾನದಲ್ಲಿ ಕ್ಯಾಥೊಲಿಕ್ ಸಂತ ಇಗ್ನೇಷಿಯಸ್ ಲೊಯೊಲಾ ಕಲಿಸಿದ ಆತ್ಮಪರೀಕ್ಷೆ ಕೃತಜ್ಞತೆಯಿಂದ ಆರಂಭವಾಗುತ್ತದೆ, ತಪ್ಪಿನ ಮಾತು ಆಮೇಲೆ. ಇವರೂ ಮೊದಲು ದಿನದಲ್ಲಿ ಸಿಕ್ಕ ಒಂದು ಒಳಿತನ್ನು ಹೆಸರಿಸಬೇಕು. ನಂತರ ನಿಜವಾಗಿ ಪಾಪವೆನಿಸಿದ ಒಂದನ್ನು ಒಪ್ಪಿಕೊಳ್ಳಬೇಕು. ಆಮೇಲೆ, ಇದೇ ಮುಖ್ಯ, “ಕ್ರಿಸ್ತನ ನಿಮಿತ್ತ ನನಗೆ ಕ್ಷಮೆ ಸಿಕ್ಕಿದೆ” ಎಂದು ತಮ್ಮ ಕಿವಿಗೆ ಬೀಳುವಂತೆ ಹೇಳಬೇಕು. ನಾಳೆಗಾಗಿ ಯಾವ ಮಾತೂ ಕೊಡಕೂಡದು. ಇಷ್ಟನ್ನೂ ಮಲಗಿಕೊಂಡೇ ಮಾಡಬೇಕು.

“ಮಲಗಿಕೊಂಡಾ?” ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. “ನಮ್ಮಮ್ಮ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಗಂಟೆಗಟ್ಟಲೆ ಮಂಡಿಯೂರಿರ್ತಿದ್ರು. ಇದು ಸೋಮಾರಿತನ ಆಗಲ್ವಾ?”

ತಾಯಿಯ ಆ ಪ್ರಾರ್ಥನೆಯನ್ನು ಹಗುರ ಮಾಡುವ ಇಷ್ಟ ನನಗಿರಲಿಲ್ಲ. ಆ ಪ್ರಾರ್ಥನೆಗಳ ಫಲವನ್ನು ಇವರು ಇಂದಿಗೂ ಉಣ್ಣುತ್ತಿದ್ದಾರೆ. ಆದರೆ ತಾಯಿ ಎಷ್ಟು ಹೊತ್ತಿಗೆ ಮಲಗುತ್ತಿದ್ದರು ಎಂದು ಕೇಳಿದಾಗ, ಕತ್ತಲಾದ ಸ್ವಲ್ಪ ಹೊತ್ತಿಗೇ ಎಂದರು. ಅವರ ಬದುಕಿನ ಲಯ ಬೇರೆ. 1529ರಲ್ಲಿ ಸಭಾ ಸುಧಾರಕ ಮಾರ್ಟಿನ್ ಲೂಥರ್ ಮನೆಮಂದಿಗಾಗಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ ಸಂಜೆಯ ಪ್ರಾರ್ಥನೆಯೊಂದಿದೆ. ದಿನವಿಡೀ ಕಾಪಾಡಿದ್ದಕ್ಕೆ ವಂದನೆ, ಪಾಪಗಳಿಗೆ ಕ್ಷಮೆ, ರಾತ್ರಿಗೆ ಕಾವಲು ಬೇಡುವ ಕೆಲವೇ ಸಾಲುಗಳು. ಅದರ ಕೆಳಗೆ, ಆಮೇಲೆ ತಡಮಾಡದೆ ಸಂತೋಷದಿಂದ ನಿದ್ದೆ ಹೋಗು ಎಂಬ ಸೂಚನೆ. ಅದನ್ನು ಹೇಳಿ, “ಇಸ್ರಾಯೇಲ್ಯರನ್ನು ಕಾಯುವಾತನು ತೂಕಡಿಸುವುದಿಲ್ಲ ಅಂತ 121ನೆಯ ಕೀರ್ತನೆ ಹೇಳುತ್ತೆ. ಆತ ತೂಕಡಿಸಲ್ಲ ಅಂತ ತಾನೇ ನಾವು ತೂಕಡಿಸಬಹುದು?” ಎಂದೆ. ಅವರು ಮೊದಲ ಸಲ ನಕ್ಕರು.

ಇಷ್ಟಕ್ಕೇ ಬಿಟ್ಟಿದ್ದರೆ ಅನ್ಯಾಯವಾಗುತ್ತಿತ್ತು. ಒಬ್ಬರ ಹೆಗಲ ಮೇಲೆಯೇ ಮನೆಯ ಭಾರವೆಲ್ಲ ಇರುವಾಗ ಅವರಿಗೆ ಮಾತ್ರ ವಿಶ್ರಾಂತಿಯ ಉಪದೇಶ ಮಾಡುವುದು, ಭಾರ ಇಳಿಸದೆ ಮೆಚ್ಚುಗೆ ಹೇಳಿದಂತೆ. ಗಂಡನನ್ನೂ ಕರೆಸಿದೆ. ಒಳ್ಳೆಯ ಮನುಷ್ಯ. ಹೆಂಡತಿ ರಾತ್ರಿ ಎಚ್ಚರವಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ, ಯೇಸು ಮನೆಗೆ ಬಂದಾಗ ಸಹೋದರಿ ಮರಿಯಳು ಅವನ ಪಾದಗಳ ಬಳಿ ಕೂತು ಕೇಳುತ್ತಿದ್ದರೆ ಒಬ್ಬಳೇ ಉಪಚಾರದ ಕೆಲಸದಲ್ಲಿ ಮುಳುಗಿದ್ದ ಮಾರ್ಥಳ ಪ್ರಸಂಗವನ್ನು ಅವರೇ ಎತ್ತಿದರು: “ಇವಳು ಮಾರ್ಥಳ ಹಾಗೆ ಅಕ್ಕ, ಕೂರೋದೇ ಇಲ್ಲ.” ಆ ಕಥೆಯನ್ನು ಮನೆಯ ಹೆಂಗಸರ ಮೇಲೆ ಹೊರಿಸುವುದನ್ನು ನಾನು ಬಹಳ ಕಂಡಿದ್ದೇನೆ. ಯೇಸು ಮಾರ್ಥಳನ್ನು ಎರಡು ಸಲ ಹೆಸರು ಹಿಡಿದು ಪ್ರೀತಿಯಿಂದ ಕರೆದ, ಅವಳ ಚಿಂತೆಯನ್ನು ಕಂಡ. ಅದೇ ಮನೆಯಲ್ಲಿ ಊಟಕ್ಕೆ ಕೂತ ಉಳಿದವರೆಲ್ಲ ಎದ್ದು ಕೈಜೋಡಿಸಿದ್ದರೆ ಮಾರ್ಥಳಿಗೂ ಪಾದಗಳ ಬಳಿ ಜಾಗ ಸಿಗುತ್ತಿತ್ತಲ್ಲವೇ ಎಂದು ಅವರನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಮ್ಮನ ರಾತ್ರಿಯ ಮಾತ್ರೆ ಮತ್ತು ಹಾಸಿಗೆ ತನಗಿರಲಿ ಎಂದರು. ಪಾತ್ರೆ ಮಕ್ಕಳ ಪಾಲಿಗೆ ಹೋಯಿತು. ಕುಟುಂಬ ಪ್ರಾರ್ಥನೆ ಊಟದ ಮೊದಲಿಗೆ ಬಂತು, ಒಂದು ಹಾಡು ಮತ್ತು ಕರ್ತನ ಪ್ರಾರ್ಥನೆ ಇಷ್ಟಕ್ಕೆ. ಗಂಡ ಬರುವುದು ತಡವಾದರೆ ಯಾರೂ ಕಾಯುವುದಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಕ್ಷಮೆ ಸಿಕ್ಕಿತು ಎಂದು ಎಷ್ಟು ಸಲ ಹೇಳಿಕೊಂಡರೂ ನಂಬಲಾಗದೆ, ಅದೇ ಅರಿಕೆಯನ್ನು ದಿನಕ್ಕೆ ಹತ್ತಾರು ಬಾರಿ ಮಾಡದೆ ಇರಲಾಗದವರಿಗೆ ಈ ಸಲಹೆ ಸಾಲದು. ಅದು ಗೀಳಿನ ಕಾಯಿಲೆಯ ಒಂದು ರೂಪವಾಗಿರಬಹುದು. ಮನೋವೈದ್ಯರನ್ನು ಕಾಣಬೇಕು. ಮನೆಯಲ್ಲಿ ಹಿಂಸೆ ಇರುವವರಿಗೆ ಮೊದಲು ಬೇಕಾದದ್ದು ಸುರಕ್ಷತೆ, ಸಂಜೆಯ ಪ್ರಾರ್ಥನೆಯ ಕ್ರಮವಲ್ಲ.

ಇವರ ವಿಷಯದಲ್ಲಿ ಬದಲಾವಣೆ ಏರುಪೇರಾಗಿಯೇ ಬಂತು. ನಿದ್ದೆ ಮೊದಲು ಸುಧಾರಿಸಿತು, ಔಷಧದ ಪಾಲೂ ಅದರಲ್ಲಿದೆ. ನಾಳೆಗೆ ಮಾತು ಕೊಡುವ ಅಭ್ಯಾಸ ಬೇಗ ಬಿಡಲಿಲ್ಲ. ಮಗನ ಮೇಲೆ ರೇಗುವುದು ಈಗಲೂ ಇದೆ, ಆದರೆ ರೇಗಿದ ದಿನ ಅವನು ಮಲಗುವ ಮೊದಲೇ ಹೋಗಿ “ತಪ್ಪಾಯ್ತು ಕಂದ” ಎನ್ನುತ್ತಾರಂತೆ. ಸೂರ್ಯ ಮುಳುಗುವ ತನಕ ಕೋಪ ಇಟ್ಟುಕೊಳ್ಳಬೇಡಿರಿ ಎಂಬ ಎಫೆಸದವರಿಗೆ ಬರೆದ ಪತ್ರಿಕೆಯ ಮಾತನ್ನು ಈ ರೀತಿ ಪಾಲಿಸಬಹುದೆಂದು ನಾನು ಹೇಳಿಕೊಟ್ಟದ್ದಲ್ಲ, ಅವರೇ ಕಂಡುಕೊಂಡದ್ದು. ಪ್ರಾರ್ಥನೆಯ ನಡುವೆ ನಿದ್ದೆ ಹೋಗುವುದೂ ನಿಂತಿಲ್ಲ. ಅದನ್ನು ಅವರು ಪಟ್ಟಿಗೆ ಸೇರಿಸುವುದನ್ನು ಬಿಟ್ಟಿದ್ದಾರೆ.

ಉಳಿದದ್ದು ಶನಿವಾರ. ಭಾನುವಾರ ಶಾಲೆಯ ಪಾಠ ತಯಾರಿಸುವ ಆ ಸಂಜೆ ಮಾತ್ರ ಹಳೆಯ ಹಾದಿಗೇ ಜಾರುತ್ತದೆ, ಮಧ್ಯರಾತ್ರಿ ದಾಟುತ್ತದೆ. ತರಗತಿಯನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳಲು ಸಭಾಪಾಲಕರಿಗೆ ಪತ್ರ ಬರೆದು ಕೇಳಿ ಎಂದಿದ್ದೇನೆ. ಕೇಳಲು ಇನ್ನೂ ಧೈರ್ಯ ಬಂದಿಲ್ಲ, ಬೇಜವಾಬ್ದಾರಿ ಎಂದುಕೊಂಡಾರು ಎಂಬ ಅಳುಕು. ಮುಂದಿನ ಭೇಟಿಯಲ್ಲಿ ಆ ಪತ್ರವನ್ನು ಇಬ್ಬರೂ ಕೂತು ಬರೆಯುವುದೆಂದು ಗೊತ್ತುಮಾಡಿಕೊಂಡಿದ್ದೇವೆ.