ಕಾಸರಗೋಡಿನ ಕಡೆ ಮಗುವಿನ ಹೆಣಿಗೆಗೆ ಒಳ್ಳೆಯ ನೂಲು ಎಲ್ಲಿ ಸಿಗುತ್ತದೆ?

ಬದಿಯಡ್ಕದ ಹತ್ತಿರ ಇದ್ದೀರಿ, ಹುಟ್ಟಲಿರುವ ಮಗುವಿಗೆ ಕುಲಾವಿ, ಕಾಲುಚೀಲ, ಒಂದು ಸಣ್ಣ ಸ್ವೆಟರ್ ಹೆಣೆಯಬೇಕು, ಫ್ಯಾನ್ಸಿ ಅಂಗಡಿಯಿಂದ ತಂದ ಉಲ್ಲನ್ ಎರಡು ಸಲ ಒಗೆಯುವುದರೊಳಗೆ ಗುಂಜು ಗುಂಜಾಯಿತು, ಬೇರೆ ಎಲ್ಲಿ ವಿಚಾರಿಸಲಿ ಎಂದು ಕೇಳಿದ್ದೀರಿ. ನಮ್ಮ ಸೆಕೆಗೆ ಹತ್ತಿಯ ನೂಲೇ ಸರಿ. ಮುಟ್ಟಿ ನೋಡಿ ಕೊಳ್ಳುವುದಾದರೆ ಮಂಗಳೂರಿಗೆ ಹೋಗಿ, ಯಾವ ನೂಲು ಎಂದು ಒಮ್ಮೆ ಗೊತ್ತಾದ ಮೇಲೆ ಆನ್‌ಲೈನ್‌ನಲ್ಲಿ ತರಿಸಿ. ಮಗು ಮಡಿಕೇರಿಯಲ್ಲೋ ಊಟಿಯಲ್ಲೋ ಬೆಳೆಯುವುದಾದರೆ ಮಾತು ಬೇರೆ. ಇಲ್ಲಿಗೆ ಶುದ್ಧ ಉಣ್ಣೆ ಹುಡುಕುವ ಕಷ್ಟ ಬೇಡ.

ನೀವು ತಂದದ್ದು ಹೆಚ್ಚುಕಡಿಮೆ ಖಂಡಿತ ಅಕ್ರಿಲಿಕ್. ನಮ್ಮಲ್ಲಿ ಉಲ್ಲನ್ ಎಂದು ಕೊಡುವುದು, ಕ್ಯಾಶ್ಮಿಲಾನ್ ಎಂದು ಹೆಸರಿರುವುದು, ಎಲ್ಲ ಅದೇ. ಸಂಶಯವಿದ್ದರೆ ಒಂದು ಗೇಣು ನೂಲನ್ನು ಚಿಮಟಿಯಲ್ಲಿ ಹಿಡಿದು ಸುಟ್ಟು ನೋಡಿ. ಅಕ್ರಿಲಿಕ್ ಕರಗಿ ತುದಿಯಲ್ಲಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು, ಬೆಂಕಿ ತೆಗೆದ ಕೂಡಲೇ ತಾನೇ ಆರುತ್ತದೆ. ಗುಂಜು ಏಳಲು ಕಾರಣ ಸಡಿಲ ಹುರಿ ಮತ್ತು ಗಿಡ್ಡ ಎಳೆಗಳು. ಉಣ್ಣೆಯಲ್ಲಿ ಎದ್ದ ಗುಂಜು ಕಾಲಕ್ರಮೇಣ ಉದುರಿ ಹೋಗುತ್ತದೆ. ಅಕ್ರಿಲಿಕ್ ಎಳೆ ಗಟ್ಟಿ, ಹಾಗಾಗಿ ಅದು ಬಿಡದೆ ಅಲ್ಲೇ ಕಚ್ಚಿಕೊಂಡು ಕೂರುತ್ತದೆ. ಜೊತೆಗೆ ಅಕ್ರಿಲಿಕ್ ಬೆವರು ಹೀರುವುದಿಲ್ಲ. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ಏಪ್ರಿಲ್ ತಿಂಗಳನ್ನು ನೆನೆಸಿಕೊಂಡರೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಕಾಸರಗೋಡು, ಕುಂಬಳೆ, ಉಪ್ಪಳ, ಕಾಞಂಗಾಡಿನ ಫ್ಯಾನ್ಸಿ ಮತ್ತು ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅಕ್ರಿಲಿಕ್ ಉಂಡೆ ಮತ್ತು ಕ್ರೋಶಾ ದಾರ. ಆಂಕರ್ ಕ್ರೋಶಾ ದಾರ ಹತ್ತಿಯದೇ, ಬಣ್ಣವೂ ನಿಲ್ಲುತ್ತದೆ, ಆದರೆ ಅದು ಲೇಸಿನ ಅಂಚಿಗೆ ಆಗುವಷ್ಟು ತೆಳು, ಹೊಳಪು ಕೊಟ್ಟದ್ದು. ಕಡ್ಡಿಯಲ್ಲಿ ಸ್ವೆಟರ್ ಹಾಕುವ ನೂಲಲ್ಲ. ಮಂಗಳೂರಿನಲ್ಲಿ ಹಂಪನಕಟ್ಟೆ, ರಥಬೀದಿ ಸುತ್ತಿನ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ‘ಹತ್ತಿಯ ನಿಟ್ಟಿಂಗ್ ನೂಲು, ಎಂಟು ನಂಬ್ರದ ಕಡ್ಡಿಗೆ ಆಗುವುದು’ ಎಂದೇ ಕೇಳಿ. ಬರೀ ಉಲ್ಲನ್ ಎಂದರೆ ಮತ್ತೆ ಅದೇ ಅಕ್ರಿಲಿಕ್ ಬರುತ್ತದೆ. ಬೆಂಗಳೂರಿಗೆ ಹೋಗುವವರು ಇದ್ದರೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್, ಮಾಮೂಲುಪೇಟೆ ಕಡೆ ಆಯ್ಕೆ ಇನ್ನೂ ಹೆಚ್ಚು. ಆನ್‌ಲೈನ್‌ನಲ್ಲಿ ಲೂಧಿಯಾನದ ವರ್ಧಮಾನ್, ಓಸ್ವಾಲ್, ಗಂಗಾ ಇವರ ನೂಲು ಸುಲಭವಾಗಿ ಬರುತ್ತದೆ. ಇವರ ಹೆಚ್ಚಿನ ಮಾಲು ಅಕ್ರಿಲಿಕ್ಕೇ, ‘ಬೇಬಿ’ ಎಂದು ಬರೆದದ್ದೂ ಸೇರಿ. ಹಾಗಾಗಿ ಚಿತ್ರ ನೋಡಿ ಬಟನ್ ಒತ್ತಬೇಡಿ, ‘100% ಕಾಟನ್’ ಎಂಬ ಸಾಲು ಕಂಡರೆ ಮಾತ್ರ ಮುಂದುವರಿಯಿರಿ.

ಲೇಬಲ್ಲಿನಲ್ಲಿ ಎಲ್ಲರೂ ನೋಡುವುದು ಪ್ಲೈ. ಅದರಿಂದ ದಪ್ಪ ಗೊತ್ತಾಗುವುದಿಲ್ಲ, ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆ ಎಂದಷ್ಟೇ ಗೊತ್ತಾಗುತ್ತದೆ. ನೋಡಬೇಕಾದದ್ದು 100 ಗ್ರಾಮಿಗೆ ಎಷ್ಟು ಮೀಟರ್ ಎಂದು. 200ರಿಂದ 240 ಮೀಟರ್ ಇದ್ದರೆ ನಿಮ್ಮ ಕೆಲಸಕ್ಕೆ ಸರಿಯಾದ ದಪ್ಪ. ಮೀಟರ್ ಬರೆಯದ ಉಂಡೆಯನ್ನು ನಾನಾದರೆ ಮುಟ್ಟುವುದಿಲ್ಲ. ಹತ್ತಿ ಅಕ್ರಿಲಿಕ್‌ಗಿಂತ ತೂಕದ್ದು, ಅದೇ ಗ್ರಾಮಿಗೆ ಉದ್ದ ಕಡಿಮೆ ಬರುತ್ತದೆ. ಅಕ್ರಿಲಿಕ್‌ನ ಲೆಕ್ಕ ಕೊಟ್ಟಿರುವ ಮಾದರಿಗೆ ಹತ್ತಿ ಕೊಳ್ಳುವಾಗ ಗ್ರಾಮ್ ಬಿಟ್ಟು ಮೀಟರ್ ಲೆಕ್ಕವೇ ಹಿಡಿಯಿರಿ. ಆಮೇಲೆ ಲಾಟ್ ನಂಬ್ರ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬ್ರ: ಒಂದೇ ಬಣ್ಣ, ಒಂದೇ ಶೇಡ್ ನಂಬ್ರ ಇದ್ದರೂ ಲಾಟ್ ಬೇರೆಯಾದರೆ ತೋಳು ಒಂದು ಬಣ್ಣ, ಮೈ ಇನ್ನೊಂದು ಬಣ್ಣ ಕಾಣುತ್ತದೆ, ಅದೂ ಹಗಲು ಬೆಳಕಿಗೆ ತಂದಾಗ ಮಾತ್ರ. ಒಂದು ಉಂಡೆ ಹೆಚ್ಚೇ ತೆಗೆದುಕೊಳ್ಳಿ. ಲಾಟ್ ಬೇರೆಯದೇ ಗತಿ ಎಂದಾದರೆ ಎರಡು ಉಂಡೆಯಿಂದ ಎರಡೆರಡು ಸಾಲು ಅದಲುಬದಲು ಹೆಣೆದರೆ ಗೆರೆ ಕಾಣುವುದಿಲ್ಲ.

ಕಮ್ಮಿಗೆ ಬೇಕು, ಹೆಚ್ಚು ಹೆಣೆಯುವುದುಂಟು ಎಂದಾದರೆ ಕೋನ್ ನೂಲು, ಅಂದರೆ ಶಂಕುವಿನಾಕಾರದ ಕೊಳವೆಗೆ ಸುತ್ತಿದ ಗಿರಣಿ ನೂಲು ನೋಡಿ. ಈರೋಡ್, ಕೊಯಮತ್ತೂರು, ತಿರುಪ್ಪೂರು ಕಡೆಯ ಹತ್ತಿ ನೂಲನ್ನು ಕೋನ್ ಲೆಕ್ಕದಲ್ಲಿ ಕೊಡುವವರು ಇದ್ದಾರೆ. ಇಲ್ಲಿ ಕೌಂಟ್ ಲೆಕ್ಕ ಗೊತ್ತಿರಬೇಕು. ಕೌಂಟ್ ಏರಿದಷ್ಟು ನೂಲು ತೆಳು. ಕೌಂಟನ್ನು 169ರಿಂದ ಗುಣಿಸಿದರೆ 100 ಗ್ರಾಮಿನಲ್ಲಿ ಎಷ್ಟು ಮೀಟರ್ ಎಂದು ಸಿಗುತ್ತದೆ. ನಮ್ಮ ಕಾಸರಗೋಡು ಸೀರೆಗೆ ಬಳಸುವ 80 ಕೌಂಟಿನ ನೂಲಾದರೆ ಹದಿಮೂರೂವರೆ ಸಾವಿರ ಮೀಟರ್, ಮಗ್ಗಕ್ಕೆ ಚೆಂದ, ನಿಮ್ಮ ಕಡ್ಡಿಗೆ ಪ್ರಯೋಜನವಿಲ್ಲ. 2/10 ಎಂದು ಬರೆದದ್ದು 10 ಕೌಂಟಿನ ಎರಡು ಎಳೆ ಹುರಿ ಮಾಡಿದ್ದು, ಅಂದರೆ ಒಟ್ಟು 5 ಕೌಂಟ್, 100 ಗ್ರಾಮಿಗೆ ಸುಮಾರು 845 ಮೀಟರ್. ಅದನ್ನು ನಾಲ್ಕು ಸೇರಿಸಿದರೆ 210 ಮೀಟರಿನ ದಪ್ಪಕ್ಕೆ ಬರುತ್ತದೆ. 2/20 ಆದರೆ ಎಂಟು ಬೇಕು.

‘2/’ ಇಲ್ಲದ ಒಂಟಿ ಎಳೆಯ ಹೊಸೈರಿ ನೂಲು (ಬನಿಯನ್ ಬಟ್ಟೆಗೆ ಬಳಸುವುದು) ಬೇಡ. ಅದರ ಹುರಿ ಒಂದೇ ಕಡೆಗೆ ಎಳೆಯುವುದರಿಂದ ಹೆಣೆದ ಬಟ್ಟೆ ಓರೆಯಾಗಿ ತಿರುಚಿಕೊಳ್ಳುತ್ತದೆ, ಒಗೆದ ಮೇಲೆ ಅಂಚು ಮಗ್ಗುಲಿಗೆ ಬರುತ್ತದೆ, ಇಸ್ತ್ರಿ ಹಾಕಿದರೂ ಸರಿಹೋಗುವುದಿಲ್ಲ. ನಾಲ್ಕು ಕೋನ್‌ಗಳನ್ನು ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಎಳೆ ಸೇರಿಸಿ ಮೊದಲು ಉಂಡೆ ಕಟ್ಟಿಕೊಳ್ಳಿ. ಒಂದು ಎಳೆ ಬಿಗಿ, ಇನ್ನೊಂದು ಸಡಿಲ ಆದರೆ ಹೆಣೆಯುವಾಗ ಸಡಿಲದ್ದು ಹೊರಗೆ ಕುಣಿಕೆ ಬಿಟ್ಟುಕೊಂಡು ನಿಲ್ಲುತ್ತದೆ, ಮಗುವಿನ ಬೆರಳಿಗೆ ಅದೇ ಸಿಕ್ಕುವುದು. ತುದಿ ತೀರ ಚೂಪಿರುವ ಕಡ್ಡಿ ಎಳೆಗಳನ್ನು ಸೀಳುತ್ತದೆ, ಸ್ವಲ್ಪ ಮೊಂಡಾದದ್ದು ಒಳ್ಳೆಯದು. ಕೋನ್ ನೂಲಿನಲ್ಲಿ ಮೆಷಿನ್‌ಗೆಂದು ಮೇಣ ಇರಬಹುದು, ಹಾಗಾಗಿ ಮೊದಮೊದಲು ಜಿಡ್ಡಾಗಿ ಒರಟೆನಿಸುತ್ತದೆ. ಹೆಣೆದ ಮೇಲೆ ಬಿಸಿನೀರು, ಸಾಬೂನಿನಲ್ಲಿ ಒಮ್ಮೆ ಒಗೆದರೆ ಮೆತ್ತಗಾಗುತ್ತದೆ.

ಕಡ್ಡಿಗೆ ನೀಲಗಿರಿಯ ಕೇತ್ತಿಯಲ್ಲಿ ತಯಾರಾಗುವ ಪೋನಿ ಸಾಕು, ಎಲ್ಲ ಕಡೆ ಸಿಗುತ್ತದೆ. ನಮ್ಮಲ್ಲಿ ಹಳೆ ಇಂಗ್ಲಿಷ್ ನಂಬ್ರ: 8 ಅಂದರೆ 4 ಮಿ.ಮೀ., 10 ಅಂದರೆ 3.25 ಮಿ.ಮೀ. ನಂಬ್ರ ಏರಿದಷ್ಟು ಕಡ್ಡಿ ಸಪೂರ. ಅಮೆರಿಕದ ಮಾದರಿಗಳಲ್ಲಿ ಇದು ಉಲ್ಟಾ, ಹಾಗಾಗಿ ಮಿ.ಮೀ. ನೋಡಿಯೇ ಆರಿಸಿ. ಕುಲಾವಿಗೆ 40–50 ಗ್ರಾಮ್, ಕಾಲುಚೀಲದ ಜೋಡಿಗೆ 30, ಆರು ತಿಂಗಳ ಮಗುವಿನ ಸ್ವೆಟರಿಗೆ 150–200 ಗ್ರಾಮ್ ಹತ್ತಿ ಹಿಡಿಯಿರಿ.

ಹತ್ತಿಗೆ ಉಣ್ಣೆಯ ಹಾಗೆ ಹಿಗ್ಗಿ ಹಿಂದೆ ಬರುವ ಗುಣವಿಲ್ಲ. ಕುಲಾವಿಯ ಅಂಚು, ಸ್ವೆಟರಿನ ಮಣಿಕಟ್ಟು ಜೋತುಬೀಳುವುದು ಅದಕ್ಕೇ. ಅಷ್ಟು ಭಾಗವನ್ನು ಎರಡು ನಂಬ್ರ ಸಪೂರದ ಕಡ್ಡಿಯಲ್ಲಿ ಹೆಣೆಯಿರಿ: ಮೈಗೆ 8 ಆದರೆ ಅಂಚಿಗೆ 10. ಒಗೆದಾಗ ಉದ್ದದಲ್ಲಿ ಕುಗ್ಗುತ್ತದೆ ಕೂಡ. ಮೊದಲು 12 ಸೆಂ.ಮೀ. ಚೌಕದ ತುಂಡೊಂದನ್ನು ಹೆಣೆದು, ಮಗುವಿನ ಬಟ್ಟೆ ಹೇಗೆ ಒಗೆಯುತ್ತೀರೋ ಹಾಗೆಯೇ ಒಗೆದು, ಒಣಗಿದ ಮೇಲೆ ಅಳೆದು ಕುಣಿಕೆ ಲೆಕ್ಕ ಹಾಕಿ. ಬಣ್ಣದ ಪರೀಕ್ಷೆಗೂ ಅದೇ ತುಂಡು ಆಗುತ್ತದೆ. ಚಂಡಿ ಇರುವಾಗಲೇ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಇಡಿ. ಕಡು ಕೆಂಪು, ಕಡು ನೀಲಿ ಬಿಟ್ಟುಕೊಂಡರೆ ಬಿಳಿಯ ಜೊತೆ ಪಟ್ಟೆ ಹಾಕುವ ಯೋಚನೆ ಬಿಡಿ.

ಮಗುವಿನ ಕೆಲಸಕ್ಕೆ ರೋಮ ರೋಮವಾಗಿರುವ ಫರ್ ನೂಲು, ಹೊಳೆಯುವ ಜರಿ ಸೇರಿದ್ದು ಬೇಡವೇ ಬೇಡ, ಎಳೆ ಬಾಯಿಗೆ ಹೋಗುತ್ತದೆ. ಕಾಲುಚೀಲದ ಒಳಗೆ ನೂಲಿನ ತುದಿ ಸಡಿಲ ಬಿಡಬೇಡಿ. ಅದು ಕಾಲ್ಬೆರಳಿಗೆ ಸುತ್ತಿ ಬಿಗಿದು ರಕ್ತ ನಿಲ್ಲಿಸಿದ್ದುಂಟು. ತುದಿಯನ್ನು ಸೂಜಿಯಲ್ಲಿ ಮೂರು ನಾಲ್ಕು ಸೆಂ.ಮೀ. ಒಳಗೆ ಹೆಣೆದು, ಮತ್ತೆ ಹಿಂದಕ್ಕೆ ತಿರುಗಿಸಿ ಕತ್ತರಿಸಿ.

ಮಳೆಗಾಲಕ್ಕೆ ಮುಂಚೆ ನೂಲು ತಂದರೆ ಇಡುವುದು ಹೇಗೆ ಎಂದೂ ನೋಡಿಕೊಳ್ಳಿ. ಹತ್ತಿ ತೇವ ಹೀರಿ ಆಟಿಯಲ್ಲಿ ಬೂಷ್ಟು ಹಿಡಿಯುತ್ತದೆ, ಕಪ್ಪು ಚುಕ್ಕೆ ಮತ್ತೆ ಹೋಗುವುದಿಲ್ಲ. ಬಿಸಿಲಿಗೆ ಒಂದು ಗಂಟೆ ಹಾಕಿ, ಬಿಸಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನುಸಿಗುಳಿಗೆ (ನ್ಯಾಫ್ತಲೀನ್ ಉಂಡೆ) ಮಾತ್ರ ಹಾಕಬೇಡಿ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಶಿಶುಗಳಿಗೆ ನ್ಯಾಫ್ತಲೀನ್ ತಾಗಿದ ಬಟ್ಟೆಯಿಂದಲೇ ರಕ್ತಕಣ ಒಡೆದು ಕಾಮಾಲೆ ಏರುವುದುಂಟು. ಪೆಟ್ಟಿಗೆಯಲ್ಲಿ ಅದರ ಜೊತೆ ಇಟ್ಟ ಹಳೆ ಸ್ವೆಟರ್ ಯಾರಾದರೂ ಕೊಟ್ಟರೂ ಒಗೆದು, ಗಾಳಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆಯೇ ತೊಡಿಸಿ.