ಜೋತುಬಿದ್ದ ರೂಫ್ ಲೈನಿಂಗ್: ಸಿರಿಂಜ್ ಬೇಡ, ಬೋರ್ಡನ್ನೇ ಇಳಿಸಿ

ಶೆಟ್ಟರೇ, ಫೋಟೋ ನೋಡಿದೆ. ಮುಂಬಯಿ ಗೋರೆಗಾಂವ್‌ನ ಸೊಸೈಟಿಯಲ್ಲಿ ಬಿಸಿಲಿಗೇ ನಿಲ್ಲುವ 2004ರ ಸ್ಕೋಡಾ ಆಕ್ಟೇವಿಯಾ ಕಾರು. ಹಿಂದಿನ ಸೀಟಿನ ಮೇಲೆ ಚಾವಣಿಯ ಬಟ್ಟೆ ಜೋತುಬಿದ್ದು, ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಅರ್ಧವೇ ಕಾಣುತ್ತಿದೆ. ಸಿರಿಂಜ್‌ನಲ್ಲಿ ಅಂಟು ತುಂಬಿಸಿ ಅಲ್ಲಲ್ಲಿ ಚುಚ್ಚಿ ಒತ್ತಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಅಂಟು ಬಿಟ್ಟಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಅಂಟು ಗಟ್ಟಿಯಾಗಿಯೇ ಇರುತ್ತದೆ. ಈ ಕಾಲದ ಕಾರುಗಳಲ್ಲಿ ಬಟ್ಟೆಯನ್ನು ನೇರವಾಗಿ ತಗಡಿಗೆ ಅಂಟಿಸಿರುವುದಿಲ್ಲ. ತಗಡಿನ ಕೆಳಗೆ ಅಚ್ಚಿನಲ್ಲಿ ಒತ್ತಿ ಮಾಡಿದ ಬೋರ್ಡ್ ಇರುತ್ತದೆ. ಅದಕ್ಕೆ ಸುಮಾರು 3 ಮಿ.ಮೀ. ದಪ್ಪದ ಫೋಮ್, ಫೋಮಿನ ಕೆಳಮುಖಕ್ಕೆ ನಮಗೆ ಕಾಣುವ ಬಟ್ಟೆ. ಸಾಯುವುದು ಆ ನಡುವಿನ ಫೋಮ್. ಅದು ಪಾಲಿಯುರೆಥೇನ್. ಗಾಳಿಯ ತೇವ ಅದರ ರಾಸಾಯನಿಕ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ, ಬಿಸಿ ಆ ಕೆಲಸವನ್ನು ಬೇಗ ಮಾಡಿಸುತ್ತದೆ. ಮುಂಬಯಿಯಲ್ಲಿ ಎರಡಕ್ಕೂ ಬರವಿಲ್ಲ. ಹದಿನೈದು ಇಪ್ಪತ್ತು ವರ್ಷ ಬಿಸಿಲಲ್ಲಿ ನಿಂತ ಯಾವ ಕಂಪನಿಯ ಕಾರಿಗಾದರೂ ಇದು ಬರುವಂಥದ್ದೇ, ಆಕ್ಟೇವಿಯಾನ ಬೈಯಬೇಡಿ.

ಅನುಮಾನ ಇದ್ದರೆ ಜೋತುಬಿದ್ದ ಜಾಗವನ್ನು ಅಂಗೈಯಲ್ಲಿ ಮೇಲಕ್ಕೆ ಒತ್ತಿ ಉಜ್ಜಿ ನೋಡಿ. ಒಳಗೆ ಮರಳು ಸರಿದ ಹಾಗೆ ಸಣ್ಣ ಸದ್ದು ಬರುತ್ತದೆ. ಲೈಟಿನ ಕವರ್ ತೆಗೆದು ಬಟ್ಟೆಯ ಅಂಚು ಎತ್ತಿದರೆ ಹಳದಿ ಪುಡಿ ಉದುರಿ ಸೀಟಿನ ಮೇಲೆ ಬೀಳುತ್ತದೆ. ನೀವು ಸಿರಿಂಜ್‌ನಲ್ಲಿ ಅಂಟು ಬಿಟ್ಟರೆ ಅದು ಹಿಡಿಯುವುದು ಆ ಪುಡಿಯನ್ನು. ಪುಡಿ ಬೋರ್ಡನ್ನು ಹಿಡಿಯುವುದಿಲ್ಲ. ಮೇಲಾಗಿ ಅಂಟು ಬಟ್ಟೆಯಿಂದ ಹೊರಗೆ ಇಂಗಿ, ಚುಚ್ಚಿದಲ್ಲೆಲ್ಲ ಕಾಸಿನಗಲದ ಕಪ್ಪು ಕಲೆ ಉಳಿಯುತ್ತದೆ. ಯೂಟ್ಯೂಬಿನಲ್ಲಿ ಸ್ಟೀಮ್ ಹಿಡಿದು ಅಂಟಿಸುವ ವಿಡಿಯೋ ನೋಡಿ ಅದಕ್ಕೂ ಕೈ ಹಾಕಬೇಡಿ. ಫೋಮ್ ಚೆನ್ನಾಗಿದ್ದು ಬರೀ ಅಂಟು ಸಡಿಲವಾಗಿದ್ದರೆ ಮಾತ್ರ ಅದು ನಡೆಯುತ್ತದೆ, ನಿಮ್ಮ ಫೋಟೋದಲ್ಲಿ ಆ ಲಕ್ಷಣ ಇಲ್ಲ.

ಇನ್ನೊಂದು ವಿಷಯ. ಈಗ ಜುಲೈ. ಈ ಕೆಲಸ ಈಗ ಮಾಡಲೇಬೇಡಿ. ರಬ್ಬರ್ ಅಂಟು ಒಣಗುವಾಗ ಅದರಲ್ಲಿರುವ ದ್ರಾವಕ ಹಾರಿಹೋಗುತ್ತದೆ, ಆಗ ಅಂಟಿನ ಪದರ ತಣ್ಣಗಾಗುತ್ತದೆ. ಮಳೆಗಾಲದ ಗಾಳಿಯಲ್ಲಿ ಆ ತಣ್ಣನೆ ಪದರದ ಮೇಲೆ ಕಣ್ಣಿಗೆ ಕಾಣದಷ್ಟು ನೀರು ಕೂರುತ್ತದೆ. ಅದರ ಮೇಲೆ ಬಟ್ಟೆ ಇಟ್ಟರೆ ಅಂಟಿದ ಹಾಗೆ ಅನಿಸುತ್ತದೆ, ಮೊದಲ ಮಾರ್ಚ್ ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ದೀಪಾವಳಿ ಕಳೆಯಲಿ. ನವೆಂಬರಿನಿಂದ ಫೆಬ್ರವರಿವರೆಗಿನ ಒಣ ದಿನಗಳೇ ಇದಕ್ಕೆ ಸರಿ. ಅಲ್ಲಿಯವರೆಗೆ ತಿರುಪಿನ ಹಾಗೆ ಸುತ್ತಿ ಒಳಗಿಳಿಸುವ ಪಿನ್ ಆನ್‌ಲೈನ್‌ನಲ್ಲಿ ಸಿಗುತ್ತವೆ, ಹತ್ತಿಪ್ಪತ್ತು ತರಿಸಿ ಸಾಲಾಗಿ ಹಾಕಿ. ಚಂದ ಕಾಣುವುದಿಲ್ಲ, ಆದರೆ ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣುತ್ತದೆ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಅದು ಮುಖ್ಯ ಅಲ್ವಾ. ಹೊಲಿಗೆಯ ಗುಂಡುಪಿನ್ ಬೇಡ, ಕುಣಿಯಲ್ಲಿ ಗಾಡಿ ಕುಪ್ಪಳಿಸಿದಾಗ ಉದುರಿ ಮಕ್ಕಳ ಸೀಟಿನ ಮೇಲೆ ಬೀಳುತ್ತವೆ.

ಮಳೆಗಾಲದಲ್ಲಿ ಮಾಡಬೇಕಾದ ಕೆಲಸ ಬೇರೆ ಇದೆ. ನೀರು ಸೋರುತ್ತಿದೆಯಾ ಅಂತ ನೋಡುವುದು. ನಿಮ್ಮ ಎರಡನೇ ಫೋಟೋದಲ್ಲಿ ಹಿಂಭಾಗದ ನಡುವೆ ಒಂದು ಕಂದು ಉಂಗುರ ಕಾಣುತ್ತಿದೆ. ಅದರ ನೇರ ಮೇಲೆ ಆಂಟೆನಾ ಇದೆ. ಆಂಟೆನಾ ಬುಡದ ರಬ್ಬರ್ ಒಣಗಿ ಬಿರುಕು ಬಿಟ್ಟಿರಬಹುದು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಮಗ್ಗಿನಲ್ಲಿ ನಿಧಾನಕ್ಕೆ ನೀರು ಬಿಡಲಿ. ಸನ್‌ರೂಫ್ ಇರುವವರು ಅದರ ನಾಲ್ಕು ಮೂಲೆಯ ಡ್ರೇನ್ ಪೈಪ್ ನೋಡಿಸಬೇಕು. ಎಲೆ ಧೂಳು ಕಟ್ಟಿಕೊಂಡರೆ ತಟ್ಟೆಯಲ್ಲಿ ನಿಂತ ನೀರು ಸೀದಾ ಲೈನಿಂಗಿಗೇ ಇಳಿಯುತ್ತದೆ. ಸೋರುವುದನ್ನು ನಿಲ್ಲಿಸದೆ ಹೊಸ ಬಟ್ಟೆ ಹಾಕಿಸಿದರೆ ದುಡ್ಡು ದಂಡ.

ಈಗ ಅಸಲು ಕೆಲಸ. ನನ್ನ ಮಾತು ಕೇಳುವುದಾದರೆ ಬೋರ್ಡ್ ಇಳಿಸುವುದು, ಉಜ್ಜುವುದು, ವಾಪಸ್ ಕೂರಿಸುವುದು ನೀವೇ ಮಾಡಿ. ಬಟ್ಟೆ ಅಂಟಿಸುವುದನ್ನು ಮಾತ್ರ ಕುಶನ್ ಅಂಗಡಿಯವರಿಗೆ ಕೊಡಿ. ಜನ ಉಲ್ಟಾ ಮಾಡುತ್ತಾರೆ, ಇಡೀ ಕಾರು ಬಿಟ್ಟು ಬರುತ್ತಾರೆ. ಅಂಗಡಿಯ ಹುಡುಗರಿಗೆ ದಿನಕ್ಕೆ ಮೂರು ಕಾರು ಮುಗಿಸಬೇಕು. ಇಪ್ಪತ್ತು ವರ್ಷದ ಪ್ಲಾಸ್ಟಿಕ್ ಕ್ಲಿಪ್ಪನ್ನು ಅವರು ಸ್ಕ್ರೂಡ್ರೈವರ್ ಹಾಕಿ ಎಬ್ಬಿಸುತ್ತಾರೆ, ಅದು ಪಟ್ ಅನ್ನುತ್ತದೆ. ಆಮೇಲೆ ಪಿಲ್ಲರ್ ಕವರ್, ಅಂದರೆ ಕಿಟಕಿಗಳ ನಡುವಿನ ಕಂಬ ಮುಚ್ಚುವ ಪ್ಲಾಸ್ಟಿಕ್, ಕಟಕಟ ಅನ್ನುವ ಕಾರಲ್ಲಿ ಓಡಾಡುವುದು ನೀವು. ಪುಡಿ ಉಜ್ಜುವುದಕ್ಕೂ ಅವರಿಗೆ ಪುರುಸೊತ್ತಿಲ್ಲ. ಆದರೆ ಅಂಟು ಸಮನಾಗಿ ಸ್ಪ್ರೇ ಮಾಡುವ ಗನ್ನೂ ಕೈಯೂ ಅವರ ಹತ್ತಿರ ಇದೆ, ನಮ್ಮ ಹತ್ತಿರ ಇಲ್ಲ.

ಇಳಿಸುವ ಮೊದಲು ರೇಡಿಯೋ ಕೋಡ್ (ಬ್ಯಾಟರಿ ತೆಗೆದು ಹಾಕಿದ ಮೇಲೆ ರೇಡಿಯೋ ಕೇಳುವ ನಂಬರ್) ಬರೆದಿಟ್ಟುಕೊಂಡು ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಚಾವಣಿಯ ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ, ಓದುತ್ತಿರುವ ಬೇರೆಯವರಿಗೆ ಹೇಳುತ್ತಿದ್ದೇನೆ, ಸ್ವಂತ ಪ್ರಯೋಗ ಬೇಡ, ತಿಳಿದವರಿಂದಲೇ ಇಳಿಸಿ. ಇಲ್ಲದಿದ್ದರೆ ಹೆದರುವಂಥದ್ದೇನೂ ಇಲ್ಲ. ಮೊದಲು ಸನ್ ವೈಸರ್, ಹಿಡಿಕೆಗಳು, ಒಳಗಿನ ಲೈಟು, ಕೋಟ್ ಹುಕ್ಕು, ಇವನ್ನು ಬಿಚ್ಚಿ. ಹಿಡಿಕೆಯ ಸ್ಕ್ರೂ ಎರಡು ತುದಿಯ ಸಣ್ಣ ಮುಚ್ಚಳದ ಕೆಳಗೆ ಅಡಗಿರುತ್ತದೆ. ಮುಚ್ಚಳ ಎಬ್ಬಿಸಲು ಅವಧಿ ಮುಗಿದ ಎಟಿಎಂ ಕಾರ್ಡ್ ಸಾಕು, ಗೀರು ಬೀಳುವುದಿಲ್ಲ. ಸ್ಕ್ರೂಗಳನ್ನು ಹಳೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಜಾಗವಾರು ಹಾಕಿಡಿ. ಮನೆಯಲ್ಲಿ ಕೇಳಿಯೇ ತಗೊಳ್ಳಿ. ಆಮೇಲೆ ಬಾಗಿಲಿನ ರಬ್ಬರ್ ಬೀಡಿಂಗನ್ನು ಮೇಲ್ಭಾಗದಲ್ಲಿ ಕೈಯಿಂದಲೇ ಎಳೆದು ಬಿಡಿಸಿ, ಪಿಲ್ಲರ್ ಕವರುಗಳನ್ನು ಮೇಲಿನಿಂದ ಒಳಮುಖವಾಗಿ ಎಳೆಯಿರಿ. ಮಧ್ಯಾಹ್ನ ಬಿಸಿಲಲ್ಲಿ ಕಾರು ಬೆಚ್ಚಗಿರುವಾಗ ಮಾಡಿದರೆ ಪ್ಲಾಸ್ಟಿಕ್ ಬಾಗುತ್ತದೆ, ಬೆಳಗಿನ ತಂಪಲ್ಲಿ ಮುರಿಯುತ್ತದೆ. ಆದರೂ ನಾಲ್ಕಾರು ಕ್ಲಿಪ್ ಹೋಗಬಹುದು, ಮೊದಲೇ ತಂದಿಟ್ಟುಕೊಳ್ಳಿ.

ಬೋರ್ಡ್ ಹೊರಗೆ ತರುವ ವಿಷಯದಲ್ಲಿ ನೀವು ಅದೃಷ್ಟವಂತರು. ನಿಮ್ಮ ಡಿಕ್ಕಿ ಗಾಜಿನ ಸಮೇತ ಮೇಲೇಳುತ್ತದೆ. ಹಿಂದಿನ ಸೀಟು ಮಡಚಿ, ಮುಂದಿನ ಸೀಟು ಪೂರ್ತಿ ಮಲಗಿಸಿ, ಡಿಕ್ಕಿಯಿಂದಲೇ ಸರಿಸಿ ತೆಗೆಯಬಹುದು. ಮಾಮೂಲಿ ಸೆಡಾನ್ ಇರುವವರು ಮುಂದಿನ ಎಡ ಬಾಗಿಲಿನಿಂದ ಓರೆ ಮಾಡಿ ತರಬೇಕು, ಅಲ್ಲೇ ಬೋರ್ಡ್ ಮುರಿಯುವುದು. ಏನೇ ಆದರೂ ಇಬ್ಬರು ಬೇಕು. ಲೈಟಿನ ವೈರನ್ನು ಬೋರ್ಡಿನ ಬೆನ್ನಿಗೆ ಟೇಪ್ ಹಾಕಿರುತ್ತಾರೆ, ಎಳೆಯುವ ಮುಂಚೆ ಒಮ್ಮೆ ಕೈಯಾಡಿಸಿ ನೋಡಿ.

ಈಗ ಬೇಸರದ ಕೆಲಸ, ಆದರೆ ಇದರ ಮೇಲೇ ಎಲ್ಲ ನಿಂತಿರುವುದು. ಹಳೇ ಬಟ್ಟೆ ಒಂದೇ ಎಳೆತಕ್ಕೆ ಬರುತ್ತದೆ. ಕೆಳಗೆ ಹಳೇ ಕಡಲೆಹಿಟ್ಟಿನಂಥ ಪುಡಿ, ಅಲ್ಲಲ್ಲಿ ಜಿಗುಟಾದ ಪದರ. ಮಾಸ್ಕ್ ಹಾಕಿ, ಗ್ಲೌಸ್ ಹಾಕಿ, ಟೆರೇಸಿಗೆ ಒಯ್ಯಿರಿ. ಬೋರ್ಡಿನಲ್ಲಿ ಗ್ಲಾಸ್ ಫೈಬರ್ ಇದ್ದರೆ ತುಂಬು ತೋಳಿನ ಅಂಗಿ ಬೇಕೇ ಬೇಕು, ಇಲ್ಲದಿದ್ದರೆ ರಾತ್ರಿಯಿಡೀ ಕೆರೆತ. ಬಟ್ಟೆ ಒಗೆಯುವ ನೈಲಾನ್ ಬ್ರಶ್ಶಿನಿಂದ ಒಂದೇ ದಿಕ್ಕಿಗೆ, ಭಾರ ಹಾಕದೆ ಉಜ್ಜಿ. ತಂತಿ ಬ್ರಶ್ ಬೋರ್ಡಿನ ಮೇಲ್ಪದರವನ್ನೇ ಕಿತ್ತುಬಿಡುತ್ತದೆ. ನೀರು ತಾಗಿಸಬೇಡಿ, ಬೋರ್ಡ್ ಸೊಟ್ಟಗಾಗುತ್ತದೆ. ಉಜ್ಜಿ, ವ್ಯಾಕ್ಯೂಮ್ ಹಿಡಿದು, ಮತ್ತೆ ಉಜ್ಜಿ. ಮುಗಿಯಿತಾ ಅಂತ ತಿಳಿಯಲು ಪ್ಯಾಕಿಂಗಿನ ಕಂದು ಟೇಪ್ ಅಂಟಿಸಿ ಎಳೆಯಿರಿ. ಟೇಪಿನಲ್ಲಿ ಹಳದಿ ಬಂದರೆ ಇನ್ನೂ ಮುಗಿದಿಲ್ಲ. ಚಪ್ಪಟೆ ಜಾಗ ಬೇಗ ಸ್ವಚ್ಛವಾಗುತ್ತದೆ. ವೈಸರ್ ಕೂರುವ ಹಳ್ಳ, ಲೈಟಿನ ಸುತ್ತ, ಅಂಚಿನ ತಿರುವು, ಇಲ್ಲಿ ಪುಡಿ ಉಳಿಯುತ್ತದೆ, ನಾಳೆ ಬಟ್ಟೆ ಮೊದಲು ಏಳುವುದೂ ಇಲ್ಲೇ.

ಬೋರ್ಡ್ ಸೀಳಿದ್ದರೆ ಬೆನ್ನಿನ ಕಡೆಯಿಂದ ಫೈಬರ್ ಬಟ್ಟೆ, ರೆಸಿನ್ ಹಾಕಿ ಒಂದು ಇಡೀ ದಿನ ಒಣಗಿಸಿ. ಬೋರ್ಡ್ ಕೆಳಗಿರುವಾಗಲೇ ತಗಡಿಗೆ ತೆಳ್ಳಗಿನ ಫಾಯಿಲ್ ಫೋಮ್ ಅಂಟಿಸಿದರೆ ಕಾರು ಸ್ವಲ್ಪ ತಂಪಾಗಿರುತ್ತದೆ. ದಪ್ಪದ್ದು ಹಾಕಬೇಡಿ, ಬೋರ್ಡ್ ವಾಪಸ್ ಕೂರುವುದಿಲ್ಲ.

ಬಟ್ಟೆಗೆ ಕುರ್ಲಾದ ಸಿಎಸ್‌ಟಿ ರೋಡಿಗೆ ಹೋಗಿ. ಪುಣೆಯವರಿಗೆ ನಾನಾ ಪೇಠ್ ಇದೆ. ರೂಫ್ ಲೈನಿಂಗ್ ಬಟ್ಟೆ, ಫೋಮ್ ಸೇರಿಸಿದ್ದು, 3 ಮಿ.ಮೀ. ಅಂತ ಸ್ಪಷ್ಟವಾಗಿ ಕೇಳಿ. ಸೀಟ್ ಕವರಿನ ಬಟ್ಟೆ ತೋರಿಸುತ್ತಾರೆ, ಅದು ಭಾರ, ಬೇಡ. ಫೋಮ್ ಇಲ್ಲದ ಬಟ್ಟೆ ಅಗ್ಗ, ಆದರೆ ಬೋರ್ಡಿನ ಪ್ರತಿ ಉಬ್ಬುತಗ್ಗು ಎದ್ದು ಕಾಣುತ್ತದೆ. 5 ಮಿ.ಮೀ. ಫೋಮ್ ಮೆತ್ತಗೆ ಚಂದವೇ, ಆದರೆ ಅಂಚು ಬಾಗಿಲಿನ ಬೀಡಿಂಗಿನೊಳಗೆ ಹೋಗುವುದಿಲ್ಲ. ಅಗಲ 60 ಇಂಚಿನ ಆಸುಪಾಸು ಇರುತ್ತದೆ, ಕಾರಿನ ಅಗಲಕ್ಕೆ ಸಾಕು. ಉದ್ದವನ್ನು ಬೋರ್ಡಿನ ಬಾಗುಗಳ ಮೇಲೇ ಟೇಪ್ ಓಡಿಸಿ ಅಳೆದು, ಮೇಲೆ ಅರ್ಧ ಅಡಿ ಸೇರಿಸಿ. ತಗೊಳ್ಳುವ ಮೊದಲು ಉಗುರಿನಿಂದ ಫೋಮಿನ ಅಂಚು ಕೆರೆದು ನೋಡಿ. ಅಂಗಡಿಯ ಮಾಳಿಗೆಯಲ್ಲಿ ವರ್ಷಗಟ್ಟಲೆ ಬಿದ್ದ ರೋಲ್ ಆದರೆ ಅಲ್ಲೇ ಉದುರುತ್ತದೆ.

ಅಂಟಿನ ವಿಷಯದಲ್ಲಿ ಕುಶನ್‌ನವರ ಜೊತೆ ಸ್ವಲ್ಪ ಜಗಳ ಆಗಬಹುದು, ಆಗಲಿ. ಮರಕ್ಕೆ ಹಾಕುವ ಬಿಳಿ ಅಂಟು ಇಲ್ಲಿ ಕೆಲಸಕ್ಕಿಲ್ಲ. ಬೇಕಾಗಿರುವುದು ಬಿಸಿ ತಡೆಯುವ ರಬ್ಬರ್ ಕಾಂಟ್ಯಾಕ್ಟ್ ಅಂಟು. ಫೆವಿಕಾಲ್‌ನಲ್ಲಿ ಹೀಟೆಕ್ಸ್ ಬರುತ್ತದೆ. 3ಎಂನಲ್ಲಿ ಇದಕ್ಕೆಂದೇ ಹೆಡ್‌ಲೈನರ್ ಸ್ಪ್ರೇ ಇದೆ, ದುಬಾರಿ. ಕ್ರಾಫ್ಟ್ ಕೆಲಸದ ಮಾಮೂಲಿ ಸ್ಪ್ರೇ ಡಬ್ಬ ಬೇಡ. ಯಾವುದೇ ಇರಲಿ, ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಓದಿ ತಗೊಳ್ಳಿ. ಬಿಸಿಲಲ್ಲಿ ನಿಂತ ಗಾಢ ಬಣ್ಣದ ಕಾರಿನ ಚಾವಣಿ 70 ಡಿಗ್ರಿಯ ಹತ್ತಿರ ಹೋಗಬಲ್ಲದು. ಅಂಟು ನೀವೇ ತಂದುಕೊಟ್ಟು ಬರೀ ಕೂಲಿ ಮಾತಾಡುವುದು ಒಳ್ಳೆಯದು.

ಅಂಟಿಸುವಾಗ ಪಕ್ಕದಲ್ಲೇ ನಿಂತಿರಿ. ಬೋರ್ಡಿಗೂ ಫೋಮಿಗೂ ಎರಡಕ್ಕೂ ಅಂಟು ಬೀಳಬೇಕು, ಬೋರ್ಡಿಗೆ ಎರಡು ಸುತ್ತು. ತೆಳುವಾಗಿ. ದಪ್ಪ ಹೊಡೆದರೆ ದ್ರಾವಕ ಫೋಮನ್ನು ತಿಂದು ಬಟ್ಟೆಯಲ್ಲಿ ಕಲೆ ಬರುತ್ತದೆ. ಹಾಕಿದ ತಕ್ಷಣ ಜೋಡಿಸಬಾರದು. ಬೆರಳ ಹಿಂಬದಿ ಮುಟ್ಟಿಸಿದರೆ ಜಿಗಿ ಅನಿಸಬೇಕು, ಅಂಟು ಬೆರಳಿಗೆ ಬರಬಾರದು. ಅಲ್ಲಿಯವರೆಗೆ ಬೀಡಿ ಸಿಗರೇಟ್ ದೂರ, ಅಂಟಿನ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ಬಟ್ಟೆಯನ್ನು ಅರ್ಧಕ್ಕೆ ಮಡಚಿ, ನಡುವಿನಿಂದ ಶುರುಮಾಡಿ, ಅಂಗೈಯಿಂದ ಹೊರಕ್ಕೆ ಸವರುತ್ತಾ ಹೋಗಬೇಕು. ಬೆರಳ ತುದಿಯಿಂದ ಒತ್ತಿದರೆ ಗುಳಿ ಉಳಿಯುತ್ತದೆ.

ಒಂದು ಜಾಗ ಮಾತ್ರ ಕಣ್ಣಿಟ್ಟು ನೋಡಿ. ಹಳ್ಳ ಬಂದಲ್ಲಿ ಬಟ್ಟೆ ಮೊದಲು ಹಳ್ಳದ ತಳಕ್ಕೆ ಕೂರಬೇಕು, ಆಮೇಲೆ ಆಚೆ ದಡಕ್ಕೆ ಹೋಗಬೇಕು. ಅವಸರದ ಕೆಲಸಗಾರ ಬಟ್ಟೆಯನ್ನು ಟೈಟಾಗಿ ಎಳೆದು ದಡದಿಂದ ದಡಕ್ಕೆ ಹಾಯಿಸಿ, ಆಮೇಲೆ ನಡುವೆ ಒತ್ತುತ್ತಾನೆ. ಆ ದಿನ ನೋಡಲು ಒಂದೇ ಥರ. ಆ ಎಳೆತ ಮಾತ್ರ ಹೋಗುವುದಿಲ್ಲ, ಬೇಸಿಗೆಯಲ್ಲಿ ಬಟ್ಟೆ ಹಳ್ಳದಿಂದ ಎದ್ದು ನಿಲ್ಲುತ್ತದೆ. ಸುತ್ತ ಎರಡು ಇಂಚು ಬಿಟ್ಟು ಬೆನ್ನಿಗೆ ಮಡಚಿ ಅಂಟಿಸಲಿ. ಲೈಟಿನ ತೂತನ್ನು ಕೊನೆಗೆ, ಅಡ್ಡ ಗೀಟು ಹಾಕಿ ಕತ್ತರಿಸಲಿ. ಒಂದು ದಿನ ಹಾಗೇ ಮಲಗಿಸಿಟ್ಟು ಆಮೇಲೆ ಕೂರಿಸಿ. ಕೂರಿಸುವಾಗ ಕೈ ತೊಳೆದಿರಲಿ, ತಿಳಿ ಬಣ್ಣದ ಬಟ್ಟೆಯಲ್ಲಿ ಮೊದಲ ಕೊಳೆ ನಮ್ಮ ಬೆರಳಿನದೇ. ಪಿಲ್ಲರ್ ಕವರ್ ಮುಚ್ಚುವ ಮುಂಚೆ ಬ್ಯಾಟರಿ ಜೋಡಿಸಿ ಲೈಟ್ ಹತ್ತುತ್ತದಾ ನೋಡಿ.

ಕೆಳಗೆ ಕಾಮೆಂಟಿನಲ್ಲಿ ರಾಯರು ತಮ್ಮ ಹಳೇ ಪ್ರೀಮಿಯರ್ ಪದ್ಮಿನಿ ಕಾರಿಗೂ ಇದೇ ನಡೆಯುತ್ತದಾ ಅಂತ ಕೇಳಿದ್ದಾರೆ. ಇಲ್ಲ ರಾಯರೇ, ನಿಮ್ಮದರಲ್ಲಿ ಬೋರ್ಡೇ ಇಲ್ಲ. ಹೊಲಿದ ರೆಕ್ಸಿನ್, ಅದರ ಬೆನ್ನಿಗೆ ಅಡ್ಡಡ್ಡ ಪಟ್ಟಿ, ಪಟ್ಟಿಯೊಳಗೆ ಕಂಬಿ. ಕಂಬಿಗಳ ಬಾಗು ಒಂದೊಂದೂ ಬೇರೆ. ತೆಗೆಯುವಾಗಲೇ ಮುಂದಿನಿಂದ ಹಿಂದಕ್ಕೆ ನಂಬರ್ ಬರೆದು ಟೇಪ್ ಸುತ್ತಿ, ಎಡ ಬಲವನ್ನೂ ಗುರುತಿಸಿ. ರೆಕ್ಸಿನ್ನಿನ ಅಂಚು ಮುಂದಿನ ಹಿಂದಿನ ಗಾಜಿನ ರಬ್ಬರಿನೊಳಗೆ ಹೋಗಿರುತ್ತದೆ, ಅಂದರೆ ಗಾಜು ಬಿಚ್ಚಬೇಕು. ಅದನ್ನು ಮನೆಯಲ್ಲಿ ಮಾಡಬೇಡಿ. ಹಳೇ ರೆಕ್ಸಿನ್ನನ್ನು ಎಸೆಯದೆ ಹೊಲಿಗೆ ಬಿಚ್ಚಿ ಅಳತೆಗೆ ಕೊಡಿ. ಮುಂಬಯಿಯಲ್ಲಿ ಕಾಳಿ ಪೀಲಿ, ಅಂದರೆ ಕಪ್ಪು ಹಳದಿ ಟ್ಯಾಕ್ಸಿ, ಪದ್ಮಿನಿಗಳ ಕೊನೆಯ ನೋಂದಣಿ ತಾಡದೇವ್ ಆರ್‌ಟಿಒದಲ್ಲಿ 2003ರ ಅಕ್ಟೋಬರ್ 29ಕ್ಕೆ ಆಗಿದ್ದು, 20 ವರ್ಷದ ಮಿತಿ ಮುಗಿದು 2023ರಲ್ಲಿ ಅವು ರಸ್ತೆ ಬಿಟ್ಟವು. ಆ ಟ್ಯಾಕ್ಸಿಗಳ ಚಾವಣಿಗೆ ಹೂಬಳ್ಳಿಯ ರೆಕ್ಸಿನ್ ಹೊಲಿಯುತ್ತಿದ್ದ ಕೈಗಳು ಇನ್ನೂ ಇವೆ. ಹೊಸ ಸೀಟ್ ಕವರ್ ಶೋರೂಮಿಗೆ ಹೋಗದೆ ನಿಮ್ಮ ಕಡೆಯ ಹಳೇ ಟ್ಯಾಕ್ಸಿ ಚಾಲಕರನ್ನು ಕೇಳಿ, ಯಾರ ಹತ್ತಿರ ಹೊಲಿಸುತ್ತಿದ್ದರು ಅಂತ. ಹೊಲಿದು ಏರಿಸಿದ ಮೇಲೆ ಸಣ್ಣ ಸುಕ್ಕು ಉಳಿದರೆ ಬಿಸಿಲಿಗೆ ನಿಲ್ಲಿಸಿ, ಇಲ್ಲವೇ ಹೇರ್ ಡ್ರೈಯರ್ ದೂರದಿಂದ ಹಿಡಿಯಿರಿ, ರೆಕ್ಸಿನ್ ತಾನಾಗಿ ಬಿಗಿಯುತ್ತದೆ.